ಆತ್ಮಲಿಂಗದ ಜಾಡಿನಲ್ಲಿ ನಮ್ಮ ಮನೆಯವರು

ಉತ್ತರ ಕನ್ನಡದ ಕರಾವಳಿಯ ಪಂಚಕ್ಷೇತ್ರಗಳನ್ನು ಒಂದೇ ಯಾತ್ರೆಯಲ್ಲಿ ದರ್ಶಿಸಬೇಕೆಂಬುದು ಅಮ್ಮನ ಬಹುಕಾಲದ ಹಂಬಲವಾಗಿತ್ತು. ಈ ಸಲ ಅಪ್ಪ, ಅಮ್ಮ, ತಂಗಿ ಮತ್ತು ನಾನು ಜೊತೆಯಾಗಿ ಹೊರಟೆವು.

ಗೋಕರ್ಣದಲ್ಲಿ ಕೋಟಿತೀರ್ಥದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಪದ್ಧತಿಯಂತೆ ಮೊದಲು ಗಣಪತಿಯ ಗುಡಿಗೆ ಹೋದೆವು. ಶಿವನಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಮರಳುತ್ತಿದ್ದ ರಾವಣನಿಗೆ ಅದನ್ನು ನೆಲದ ಮೇಲೆ ಇಡಬಾರದೆಂಬ ನಿಬಂಧನೆಯಿತ್ತು. ವಿಷ್ಣು ಸುದರ್ಶನ ಚಕ್ರದಿಂದ ಸೂರ್ಯನನ್ನು ಮರೆಮಾಡಲು, ಸಂಧ್ಯಾವಂದನೆಯ ಹೊತ್ತಾಯಿತೆಂದು ಬಗೆದ ರಾವಣನು ಅಲ್ಲಿದ್ದ ವಟುವಿನ ಕೈಗೆ ಲಿಂಗವನ್ನು ಕೊಟ್ಟನು; ವಟುವಿನ ವೇಷದ ಗಣಪತಿ ಮೂರು ಬಾರಿ ಕೂಗಿ ಅದನ್ನು ನೆಲಕ್ಕಿಟ್ಟುಬಿಟ್ಟನು. ಸಿಟ್ಟಿನಿಂದ ರಾವಣನು ಹೊಡೆದ ಏಟಿನ ಗುರುತೆಂದು ಭಕ್ತರು ನಂಬುವ ತಗ್ಗು ವಿಗ್ರಹದ ತಲೆಯ ಮೇಲಿದೆ. ಬಾಲ್ಯದಿಂದ ಕೇಳಿದ ಕಥೆ ಅಲ್ಲಿ ನನ್ನ ಕಣ್ಣೆದುರೇ ನಿಂತಂತಾಯಿತು.

ರಾವಣನ ಬಲಕ್ಕೂ ಅಲುಗದ ಲಿಂಗವೇ ಮಹಾಬಲೇಶ್ವರ. ಪೀಠದ ರಂಧ್ರದೊಳಗೆ ಬೆರಳಿಟ್ಟು ಅದನ್ನು ಸ್ಪರ್ಶಿಸಿದ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ.

ರಾವಣನು ಎಸೆದ ಲಿಂಗದ ಹೊದಿಕೆಗಳು ಬಿದ್ದ ತಾಣಗಳೇ ಸಜ್ಜೇಶ್ವರ, ಧಾರೇಶ್ವರ, ಗುಣವಂತೆ ಮತ್ತು ಮುರುಡೇಶ್ವರ. ಮುರುಡೇಶ್ವರದ 20 ಅಂತಸ್ತುಗಳ ರಾಜಗೋಪುರವನ್ನೂ ಕಡಲಂಚಿನ ಬೃಹತ್ ಶಿವನ ಪ್ರತಿಮೆಯನ್ನೂ ಎಲ್ಲರೂ ಬಲ್ಲರು. ನನಗೆ ಹೆಚ್ಚು ಪ್ರಿಯವಾದದ್ದು ಧಾರೇಶ್ವರ. ಜನಜಂಗುಳಿಯಿಲ್ಲದ ಆ ಕಲ್ಲಿನ ದೇಗುಲದ ಪ್ರಾಂಗಣದಲ್ಲಿ ಅಪ್ಪ ರುದ್ರವನ್ನು ಪೂರ್ತಿಯಾಗಿ ಪಠಿಸಿದರು, ನಾವು ಪಕ್ಕದಲ್ಲಿ ಕುಳಿತು ಕೇಳಿದೆವು.