ಲೂಡಿಕ್ ಅನ್ನುವ ಪದ, ನಮ್ಮ ಇಂಗ್ಲಿಷ್ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಪದಗಳ ಹುಚ್ಚು. ಪಾಠ ಬೇಗ ಮುಗಿದರೆ ಬೋರ್ಡಿನ ಮೇಲೆ ಒಂದು ಪದ ಬರೆದು, "ಇದರ ಊರು ಯಾವುದು ಹೇಳ್ರಪ್ಪ" ಅನ್ನುತ್ತಿದ್ದರು. ಹಾಗೆ ಕಲಿತವುಗಳಲ್ಲಿ ನನಗೆ ಇವತ್ತಿಗೂ ಜಾಸ್ತಿ ಇಷ್ಟವಾದದ್ದು ಲೂಡಿಕ್. ಲಾಭ ನಷ್ಟ ನೋಡದೆ ಸುಮ್ನೆ ಖುಷಿಗೆ ಆಡುತ್ತೇವಲ್ಲ, ಆ ಗುಣಕ್ಕೆ ಇರುವ ಪದ ಇದು.

ಇಂಗ್ಲಿಷಿಗೆ ಇದು ಬಂದದ್ದು 20ನೇ ಶತಮಾನದಲ್ಲಿ, ಫ್ರೆಂಚಿನಿಂದ. ಬೇರು ಲ್ಯಾಟಿನ್ನಿನ ಲೂಡುಸ್, ಅಂದರೆ ಆಟ. 'ಲೂಡೊ' ಅಂದರೆ 'ನಾನು ಆಡುತ್ತೇನೆ'. ಇಷ್ಟು ಕೇಳಿದ್ದೇ ತಡ, ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಬೇಸಿಗೆ ರಜೆಯಲ್ಲಿ ನಾವು ಜಗಳಾಡಿಕೊಂಡು ಆಡುವ ಲೂಡೊ ಲ್ಯಾಟಿನ್ ಪದವಾ! ಆ ಆಟಕ್ಕೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಯಿತು, ಆದರೆ ಅದು ಹುಟ್ಟಿದ್ದು ನಮ್ಮ ದೇಶದ ಪಚೀಸಿಯಿಂದ, ನಮ್ಮ ಪಗಡೆಯ ಬಳಗದ್ದೇ ಅಂತ ಮೇಷ್ಟ್ರು ಹೇಳಿದರು. ಇಲ್ಯೂಷನ್, ಪ್ರಿಲ್ಯೂಡ್, ಲೂಡಿಕ್ರಸ್ ಕೂಡ ಇದೇ ಬೇರಿನವು.

ನಿಜವಾದ ಆಶ್ಚರ್ಯ ಆಮೇಲೆ ಬಂತು. ರೋಮನ್ನರು ಮಕ್ಕಳು ಅಕ್ಷರ ಕಲಿಯುವ ಶಾಲೆಯನ್ನೂ ಲೂಡುಸ್ ಅನ್ನುತ್ತಿದ್ದರಂತೆ! ಜನರ ಮುಂದೆ ಕಾದಾಡುವ ಗ್ಲಾಡಿಯೇಟರುಗಳು ಕತ್ತಿವರಸೆ ಕಲಿಯುವ ಜಾಗವೂ ಲೂಡುಸ್ಸೇ. ಅವರು ಕಾದಾಡುತ್ತಿದ್ದ ರೋಮಿನ ದೊಡ್ಡ ಅಖಾಡ ಕೊಲೊಸಿಯಮ್ ಪಕ್ಕದಲ್ಲಿದ್ದ ದೊಡ್ಡ ತಾಲೀಮು ಶಾಲೆಯ ಹೆಸರು ಲೂಡುಸ್ ಮ್ಯಾಗ್ನುಸ್.

ಹೆಸರಿನಲ್ಲಿ ಆಟ ಇತ್ತು, ಆದರೆ ಆ ಶಾಲೆಗಳಲ್ಲಿ ಏಟೂ ಇತ್ತು. ಕವಿ ಹೊರೇಸ್ ತನ್ನ ಗುರು ಆರ್ಬಿಲಿಯುಸ್‌ನನ್ನು ಹೊಡೆಯುವ ಮೇಷ್ಟ್ರು ಅಂತಲೇ ನೆನೆದಿದ್ದಾನೆ. ಅದಕ್ಕೆ ಎದುರಾಗಿ ನಿಂತವನು 1ನೇ ಶತಮಾನದ ರೋಮನ್ ಮೇಷ್ಟ್ರು ಕ್ವಿಂಟಿಲಿಯನ್. ಮಕ್ಕಳನ್ನು ಹೊಡೆಯಬಾರದು, ಮೊದಲ ಪಾಠ ಆಟದ ಹಾಗಿರಬೇಕು, ಆನೆದಂತದಲ್ಲಿ ಮಾಡಿದ ಅಕ್ಷರಗಳನ್ನು ಮಕ್ಕಳಿಗೆ ಆಡಲು ಕೊಡಬಹುದು ಅಂತ ಬರೆದ. ಎಂಥ ದೊಡ್ಡ ಮನಸ್ಸು, ಅಲ್ವಾ?

ಕ್ವಿಂಟಿಲಿಯನ್ ಬಗ್ಗೆ ನಾನು ಓದಿದ್ದು ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಓದುವಾಗ ಕಣ್ಣ ಮುಂದೆ ಬಂದದ್ದು ನಮ್ಮ ಮೇಷ್ಟ್ರೇ. ಅವರು ಕೈಯಲ್ಲಿ ಬೆತ್ತ ಹಿಡಿದದ್ದನ್ನು ನಾನು ನೋಡಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಚೌಕವಾಗಿ ಕತ್ತರಿಸಿ, ಹಿಂಬದಿಗೆ ಒಂದೊಂದು ಅಕ್ಷರ ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ತರುತ್ತಿದ್ದರು. ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಬೆಂಚುಗಳನ್ನು ಸರಿಸಿ, ನೆಲದ ಮೇಲೆ ಕೂತು ಪದ ಕಟ್ಟುತ್ತಿದ್ದೆವು. ಇಂಗ್ಲಿಷ್ ಅಂದರೆ ಬೆವರುತ್ತಿದ್ದ ಹುಡುಗರೂ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ನನಗೆ ಇಂಗ್ಲಿಷ್ ಹತ್ತಿದ್ದೇ ಆ ಚೀಟಿಗಳಿಂದ.

ನಮ್ಮ ಶಾಲೆಯ ಈಗಿನ ಮೇಷ್ಟ್ರುಗಳೇ, ಆ ಡಬ್ಬಿ ಸ್ಟಾಫ್ ರೂಮಿನ ಬೀರುವಿನಲ್ಲಿ ಇನ್ನೂ ಇದ್ದರೆ, ದಯವಿಟ್ಟು ಈಗಿನ ಮಕ್ಕಳ ಕೈಗೆ ಕೊಡಿ. ಚೀಟಿಗಳು ಹರಿದಿದ್ದರೆ ಹೊಸದಾಗಿ ಮಾಡಿ ಕಳಿಸುವ ಜವಾಬ್ದಾರಿ ನನ್ನದು.