ಬ್ರಹ್ಮಗಿರಿಯಿಂದ ಕನಗನಹಳ್ಳಿಗೆ: ಅಶೋಕನ ಬೆನ್ನು ಹತ್ತಿ ಮೂರು ದಿನ

ಈ ಪ್ರವಾಸವನ್ನು ದಕ್ಷಿಣದಿಂದ ಉತ್ತರಕ್ಕೇ ಮಾಡಿ. ಹಾಗೆ ಹೋದರೆ ಮೊದಲು ಬ್ರಹ್ಮಗಿರಿಯಲ್ಲಿ ಶಾಸನ ಬರೆದವನ ರುಜು ಸಿಗುತ್ತದೆ, ಆಮೇಲೆ ಮಸ್ಕಿಯಲ್ಲಿ ಬರೆಸಿದ ದೊರೆಯ ಹೆಸರು, ಕೊನೆಗೆ ಕನಗನಹಳ್ಳಿಯಲ್ಲಿ ಅವನ ಮುಖ. ಹಿರಿಯೂರಿನಿಂದ ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು ದಾಟಿ ಶಹಾಪುರದ ಕಡೆಗೆ ಹೋಗುವ 150ಎ ಹೆದ್ದಾರಿಯನ್ನು ಹಿಡಿದರೆ ಮೂರೂ ಜಾಗಗಳು ಅದರ ಆಸುಪಾಸಿನಲ್ಲೇ ಸಿಗುತ್ತವೆ. ನಾನು ಅಕ್ಕನ ಮಗನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ಹೋಗಿದ್ದೆ. ಮಾರ್ಚ್ ಕಳೆದ ಮೇಲೆ ಆ ಕಡೆ ಬಂಡೆ ಹತ್ತುವ ಯೋಚನೆ ಬೇಡ.

ಬೆಂಗಳೂರನ್ನು ಬೆಳಗಿನ ಐದಕ್ಕೆ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸೇರಬಹುದು. ದಾರಿ ಕೇಳುವಾಗ ‘ಅಶೋಕ ಸಿದ್ದಾಪುರ’ ಎನ್ನಿ, ಕೂಡಲೇ ತೋರಿಸುತ್ತಾರೆ. ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಶಾಸನಗಳನ್ನು ಪತ್ತೆಹಚ್ಚಿದರು. ಅದಕ್ಕೂ ಮೊದಲೇ ಊರಿನವರು ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಏನು ಬರೆದಿದೆ ಎಂದು ತಿಳಿಯದಿದ್ದರೂ ಅದು ಅಕ್ಷರ ಎಂಬುದನ್ನು ಅವರು ಗುರುತಿಸಿದ್ದರು. ಆ ಹೆಸರು ನನಗೆ ಬಹಳ ಇಷ್ಟವಾಯಿತು.

ಶಾಸನದಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಮಾತುಗಳಿವೆ. ಆದರೆ ನೀವು ನೋಡಲೇಬೇಕಾದುದು ಕೊನೆಯ ಸಾಲು. ಅಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಬಳಕೆಯಲ್ಲಿದ್ದುದು ಇಲ್ಲಿಂದ ನೂರಾರು ಗಾವುದ ದೂರದ ಗಾಂಧಾರದ ಕಡೆ, ಅಂದರೆ ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಗಡಿಸೀಮೆಯಲ್ಲಿ. ಚಿತ್ರದುರ್ಗದ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಎಷ್ಟು ಮಂದಿ ಇದ್ದಿರಬೇಕು? ಆದರೂ ಬರೆದ. ಹುಡುಗ ಗಾಳಿಯಲ್ಲಿ ಬೆರಳಾಡಿಸುತ್ತಾ ಆ ಪದವನ್ನು ಬಲದಿಂದ ಎಡಕ್ಕೆ ಬರೆದು ನೋಡಿ, “ಮಾಮ, ಇವನಿಗೆ ತನ್ನ ಊರು ನೆನಪಾಗಿರಬೇಕು” ಎಂದ. ನನಗೂ ಹಾಗೆಯೇ ಅನ್ನಿಸಿತು.

ಎರಡು ಸೂಚನೆ. ಶಾಸನಕ್ಕೆ ಕಟ್ಟಿದ ಮಂಟಪದ ಬಾಗಿಲಿಗೆ ನಾವು ಹೋದಾಗ ಬೀಗವಿತ್ತು, ಮುಕ್ಕಾಲು ಗಂಟೆ ಕಾಯಬೇಕಾಯಿತು. ಮೊದಲು ಊರಿನಲ್ಲಿ ಕಾವಲುಗಾರರನ್ನು ವಿಚಾರಿಸಿಕೊಂಡು ಹೋಗಿ. ಮತ್ತೆ, ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ನೀರು ಹಾಕಿ ಉಜ್ಜುವುದು ಖಂಡಿತ ಬೇಡ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ.

ಆ ರಾತ್ರಿ ಸಿಂಧನೂರಿನಲ್ಲಿ ತಂಗುವುದು ಅನುಕೂಲ. ಅಲ್ಲಿಂದ ಮಸ್ಕಿಗೆ ಬೆಳಿಗ್ಗೆ ಅರ್ಧ ಗಂಟೆಯ ದಾರಿ.

ಮಸ್ಕಿಯ ಬಂಡೆಗೆ ಹೋಗುವ ಮೊದಲು ಒಂದು ಹಿನ್ನೆಲೆ ತಿಳಿದಿರಬೇಕು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಅದು ಅಶೋಕನೇ ಎಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳುತ್ತಿದ್ದರು, ಕಲ್ಲು ಮಾತ್ರ ಬಾಯಿ ಬಿಟ್ಟಿರಲಿಲ್ಲ. 1915ರಲ್ಲಿ ನಿಜಾಮರ ಸೀಮೆಯಲ್ಲಿದ್ದ ಮಸ್ಕಿಗೆ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಬಂದರು. ಚಿನ್ನ ಹುಡುಕುವ ಕೆಲಸದವರ ಕಣ್ಣಿಗೆ ಬಿದ್ದದ್ದು ‘ದೇವಾನಾಂಪಿಯಸ ಅಸೋಕಸ’ ಎಂಬ ಬರಹ. ಎಂಬತ್ತು ವರ್ಷ ಕಾದಿದ್ದ ಹೆಸರು! ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲೂ ಅಶೋಕನ ಹೆಸರು ಸಿಕ್ಕಿತು. ನಾಲ್ಕರಲ್ಲಿ ಮೂರು ನಮ್ಮ ರಾಜ್ಯದಲ್ಲಿವೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕಾದ ವಿಷಯ. ಮಸ್ಕಿಗೆ ಒಂದು ಗಂಟೆ ಸಾಕು. ಬೆಟ್ಟದ ಬುಡದಲ್ಲಿ ಬಿಸಿಲು ಬೇಗ ಕಾಯುತ್ತದೆ, ನೀರಿನ ಬಾಟಲಿ ಜೊತೆಗಿರಲಿ.

ಮಧ್ಯಾಹ್ನ ಶಹಾಪುರದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು, ಅಲ್ಲೇ ರಾತ್ರಿ ಉಳಿದೆವು. ಮೂರನೆಯ ದಿನವಿಡೀ ಭೀಮಾ ನದಿಯ ಆಚೆಯ ಸನ್ನತಿಗೆಂದೇ ಮೀಸಲಿಡಿ.

ಸನ್ನತಿಯ ಚಂದ್ರಲಾಂಬಾ ದೇವಸ್ಥಾನಕ್ಕೆ ಭಕ್ತರು ತಲೆತಲಾಂತರದಿಂದ ಬರುತ್ತಿದ್ದಾರೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಮುರಿಯಿತು. ಅವಶೇಷ ತೆಗೆಯುವಾಗ ನೋಡಿದರೆ ಪೀಠದ ಕಲ್ಲೇ ಅಶೋಕನ ಶಾಸನ! ವಿಗ್ರಹ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಕಲ್ಲಿನ ಎರಡೂ ಮುಖಗಳಲ್ಲಿ ಬರಹವಿದೆ. ಅಶೋಕನ ಬೃಹತ್ ಶಿಲಾಶಾಸನಗಳ ಪೈಕಿ 12 ಮತ್ತು 14 ಅದರಲ್ಲಿವೆ, ಕಳಿಂಗ ಯುದ್ಧದ ಸಾವುನೋವನ್ನು ಹೇಳುವ 13ನೆಯದು ಇಲ್ಲ. ಬದಲಿಗೆ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು ಶಾಸನಗಳಿವೆ. ಇವು ಒಡಿಶಾದ, ಅಂದರೆ ಆಗಿನ ಕಳಿಂಗದ, ಧೌಳಿ ಮತ್ತು ಜೌಗಡ ಬಿಟ್ಟರೆ ಸನ್ನತಿಯಲ್ಲಷ್ಟೇ ಸಿಕ್ಕಿವೆ. “ಎಲ್ಲ ಮನುಷ್ಯರೂ ನನ್ನ ಮಕ್ಕಳು” ಎಂಬ ಅಶೋಕನ ಮಾತು ಬರುವುದು ಇವುಗಳಲ್ಲೇ. ಸೋತು ನೊಂದ ಕಳಿಂಗವನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆಂದು ಬರೆಸಿದ್ದನ್ನು ಭೀಮಾ ತೀರದಲ್ಲಿ ಏಕೆ ಕೆತ್ತಿಸಿದ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನದಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಸನ್ನತಿಗೆ ಸಮೀಪದಲ್ಲೇ ಕನಗನಹಳ್ಳಿಯ ಮಹಾಚೈತ್ಯ, ಅಂದರೆ ದೊಡ್ಡ ಬೌದ್ಧ ಸ್ತೂಪವಿದೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಿಕ್ಕ ಸುಣ್ಣಕಲ್ಲಿನ ಫಲಕಗಳಲ್ಲಿ ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳಿವೆ, ಶಾತವಾಹನ ದೊರೆಗಳಿದ್ದಾರೆ. ಒಂದು ಫಲಕದಲ್ಲಿ ರಾಣಿ ಮತ್ತು ಚಾಮರ, ಛತ್ರ ಹಿಡಿದ ಪರಿಚಾರಿಕೆಯರ ನಡುವೆ ನಿಂತ ರಾಜನಿದ್ದಾನೆ. ಅವನು ರಾಜ ಅಶೋಕ ಎಂದು ಬ್ರಾಹ್ಮಿಯಲ್ಲೇ ಬರೆದಿದೆ. ಅಶೋಕ ತೀರಿಕೊಂಡು ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಹಾಗಾಗಿ ಶಿಲ್ಪಿ ಅವನನ್ನು ಕಂಡವನಲ್ಲ. ಆದರೂ ಹಿಂದಿನ ದಿನ ಮಸ್ಕಿಯಲ್ಲಿ ಹೆಸರನ್ನು ಓದಿ ಬಂದವರಿಗೆ ಆ ಕಲ್ಲಿನ ಬಗ್ಗೆ ಓದುವಾಗಲೇ ಮೈ ನವಿರೇಳುತ್ತದೆ.

ಸನ್ನತಿಯ ಸುತ್ತ ಊಟ, ವಸತಿ ಎರಡನ್ನೂ ನಂಬಿ ಹೋಗಬೇಡಿ, ಬುತ್ತಿ ಕಟ್ಟಿಸಿಕೊಳ್ಳಿ. ಸ್ವಂತ ವಾಹನ ಇಲ್ಲದವರು ಮಸ್ಕಿಯವರೆಗೆ ಬಸ್‌ನಲ್ಲಿ ಸಲೀಸಾಗಿ ಹೋಗಬಹುದು. ಸನ್ನತಿಗೆ ಮಾತ್ರ ಕಲಬುರಗಿ ಅಥವಾ ಯಾದಗಿರಿಯಿಂದ ಬಾಡಿಗೆ ಗಾಡಿ ಮಾಡುವುದೇ ಮೇಲು. ಹಿಂದಿರುಗಲು ವಾಡಿ ಜಂಕ್ಷನ್‌ನಲ್ಲಿ ಬೆಂಗಳೂರಿನ ರೈಲುಗಳಿವೆ. ಕನಗನಹಳ್ಳಿಗೆ ಏನಿಲ್ಲವೆಂದರೂ ಮೂರು ಗಂಟೆ ಉಳಿಸಿಕೊಳ್ಳಿ. ನಾವು ಒಂದೂವರೆ ಗಂಟೆಯಲ್ಲಿ ಹೊರಡಬೇಕಾಯಿತು, ಅರ್ಧದಷ್ಟು ಕಲ್ಲುಗಳನ್ನು ನೋಡಲೇ ಇಲ್ಲ. ಹುಡುಗನ ಪರೀಕ್ಷೆ ಮುಗಿದ ಮೇಲೆ, ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗುತ್ತಿದ್ದೇವೆ.