"ಬದಲಾಗಿಲ್ಲ, ಬಿಟ್ಟೆ" ಅಂತು ಟರ್ಮಿನಲ್ಲು

ಡಿವಿಸಿ ಅಂದ್ರೆ ಡೇಟಾದ ಆವೃತ್ತಿಗಳನ್ನ ಕಾಯೋ, ಡೇಟಾ ಕೆಲಸವನ್ನ ಹಂತ ಹಂತವಾಗಿ (ಸ್ಟೇಜ್) ಓಡಿಸೋ ಟೂಲು. ಬೆಳಿಗ್ಗೆ 'ಡಿವಿಸಿ ರೆಪ್ರೊ' (ಬದಲಾದ ಸ್ಟೇಜ್‌ಗಳನ್ನ ಮತ್ತೆ ಓಡಿಸು ಅನ್ನೋ ಕಮಾಂಡು) ಕೊಟ್ಟರೆ ಡೇಟಾ ಶುಚಿ ಮಾಡೋ ಕ್ಲೀನ್ ಸ್ಟೇಜ್ ಓಡಲೇ ಇಲ್ಲ. ಬದಲಾಗಿಲ್ಲ, ಸ್ಕಿಪ್ ಅಂತ ಒಂದು ಸಾಲು, ಅಷ್ಟೆ.

ಕೋಡ್ ಬದಲಾಗಿತ್ತಲ್ಲ ಮಾರಾಯ್ರೆ!

ಬದಲಾದದ್ದು ಯುಟಿಲ್ಸ್ ಫೈಲು. ಕ್ಲೀನ್ ಸ್ಕ್ರಿಪ್ಟ್ ಅದನ್ನ ಇಂಪೋರ್ಟ್ ಮಾಡ್ಕೊಳ್ಳುತ್ತೆ, ಆದರೆ ಸ್ಟೇಜ್‌ಗಳ ವಿವರ ಇರೋ ಡಿವಿಸಿ ಯಾಮಲ್ ಫೈಲಿನ 'ಡೆಪ್ಸ್' (ಸ್ಟೇಜ್ ಅವಲಂಬಿಸಿರೋ ಫೈಲುಗಳ ಪಟ್ಟಿ) ಕೆಳಗೆ ಅದರ ಹೆಸರಿಲ್ಲ. ಡಿವಿಸಿ ಪೈಥಾನ್ ಓದೋದಿಲ್ಲ. ಡೆಪ್ಸ್‌ನಲ್ಲಿ ಬರೆದಿದ್ದರ ಎಂಡಿ5 (ಫೈಲಿನ ಒಳಗಿರೋದರಿಂದ ಹುಟ್ಟೋ ಗುರುತು, ಅಂದ್ರೆ ಹ್ಯಾಶ್) ಲೆಕ್ಕ ಹಾಕಿ, ಹಿಂದಿನ ಸಲ ಓಡಿದಾಗ ಲಾಕ್ ಫೈಲಿನಲ್ಲಿ ಬರೆದಿಟ್ಟಿದ್ದಕ್ಕೆ ತಾಳೆ ನೋಡುತ್ತೆ. ತಾಳೆ ಆಯ್ತಾ, ಮುಂದಕ್ಕೆ.

'ರೆಪ್ರೊ'ಗೆ ಮೈನಸ್ ಎಫ್ ಹಾಕಿ ಬಲವಂತವಾಗಿ ಓಡಿಸಬಹುದು. ಇವತ್ತಿಗೆ ಸರಿ, ನಾಳೆ ಮತ್ತೆ ಅದೇ ಕಥೆ. ಡೆಪ್ಸ್‌ಗೆ ಒಂದು ಸಾಲು ಸೇರಿಸೋದೇ ವಾಸಿ. ಹಾಗಂತ ಪ್ರತಿ ಸ್ಟೇಜ್‌ನ ಡೆಪ್ಸ್‌ಗೂ ಇಡೀ ಸೋರ್ಸ್ ಫೋಲ್ಡರ್ ತುರುಕಿದರೆ ಒಂದು ಕಾಮೆಂಟ್ ತಿದ್ದಿದ್ದಕ್ಕೂ ಎಲ್ಲಾ ಸ್ಟೇಜ್ ಮೊದಲಿಂದ ಓಡುತ್ತೆ.

ಸೆಟ್ಟಿಂಗ್‌ಗಳನ್ನ ಬರೆದಿಡೋ ಪ್ಯಾರಾಮ್ಸ್ ಯಾಮಲ್ಲೂ ಹಾಗೇ, ಸ್ಟೇಜ್‌ನಲ್ಲಿ ಹೆಸರಿಸಿದ ಕೀ ಮಾತ್ರ ಲೆಕ್ಕಕ್ಕೆ.

ಇನ್ನೊಂದು, ಸ್ಟೇಜ್ ಓಡೋ ಮುಂಚೆ 'ಔಟ್ಸ್'ನಲ್ಲಿರೋ (ಸ್ಟೇಜ್ ಬರೆದುಕೊಡೋ ಫೈಲುಗಳ ಪಟ್ಟಿ) ಹಳೇ ಫೈಲನ್ನ ಡಿವಿಸಿ ಅಳಿಸಿಬಿಡುತ್ತೆ. ಹಳೇದಕ್ಕೇ ಸೇರಿಸ್ತಾ ಹೋಗೋ ಸ್ಕ್ರಿಪ್ಟ್ ಇದ್ರೆ 'ಪರ್ಸಿಸ್ಟ್ ಟ್ರೂ' ಹಾಕಿ. ಹಾಕದೆ ಇದ್ರೆ ಪ್ರತಿ ಸಲ ಖಾಲಿ ಪಾತ್ರೆಯಿಂದಲೇ ಶುರು.

ಹೇಳದೇ ಇದ್ದದ್ದು ಇಲ್ಲವೇ ಇಲ್ಲ ಅನ್ನೋ ಈ ಹಟ ನಂಗಂತೂ ಇಷ್ಟ. ಊಹೆ ಮಾಡೋ ಟೂಲ್ ಒಂದು ದಿನ ತಪ್ಪೂ ಊಹಿಸುತ್ತೆ.

ಲಾಕ್ ಫೈಲ್ ಗಿಟ್‌ಗೆ ಕಮಿಟ್ ಮಾಡಿ 'ಡಿವಿಸಿ ಪುಷ್' (ಡೇಟಾವನ್ನ ರಿಮೋಟ್ ಸ್ಟೋರೇಜ್‌ಗೆ ಕಳಿಸೋ ಕಮಾಂಡು) ಮರೆತವರ ಪುರಾಣ ಬೇರೆಯೇ ಇದೆ. ಪುಲ್ ಮಾಡಿದವರಿಗೆ ಹ್ಯಾಶ್ ಸಿಗುತ್ತೆ, ಡೇಟಾ ಸಿಗಲ್ಲ.